ಪದಚರ್ಚೆ: ಹಾರಾಟದ ಅವಧಿಗೆ ‘ವರ್ಗಾವಣೆ’ ಹೊಂದುತ್ತದೆಯೇ?

ಬಲ್ಲವರಿಗೆಲ್ಲ ನಮಸ್ಕಾರ.

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರುಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ರನ್‌ವೇ, ಟೇಕಾಫ್, ಎಂಜಿನ್ ಇವೆಲ್ಲ ಹಾಗೆಯೇ ಇರಲಿ ಎಂದು ತೀರ್ಮಾನಿಸಿದ್ದೇನೆ. ಓದುವವರಿಗೆ ಅವು ಗೊತ್ತು. ತೊಡಕಿರುವುದು ಹಾರಾಟಗಳ ವಿವರ ಬರೆದಿಡುವ ಲಾಗ್‌ಬುಕ್ಕಿನ ಅಧ್ಯಾಯದಲ್ಲಿ. ಒಂದು ವಿಮಾನದ ಹೆಸರಿನಲ್ಲಿ ದಾಖಲಾದ ಹಾರಾಟದ ಅವಧಿಯನ್ನು ಇನ್ನೊಂದರ ಹೆಸರಿಗೆ ತರಲು ಈ ಹವ್ಯಾಸದವರು ಮತ್ತೆ ಮತ್ತೆ ದಾರಿ ಕೇಳುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಥಟ್ಟನೆ ಹೊಳೆಯುವುದು ‘ಹಾರಾಟದ ಗಂಟೆಗಳ ವರ್ಗಾವಣೆ’. ಇದರಲ್ಲಿ ‘ಹಾರಾಟ’ದ ಬಗ್ಗೆ ನನಗೆ ತಕರಾರಿಲ್ಲ, ಉಳಿದೆರಡರ ಬಗ್ಗೆ ಇದೆ.

ಮೊದಲು ಗಂಟೆ. ‘ಐದು ಗಂಟೆಯ ಹಾರಾಟ’ ಎಂದರೆ ಐದಕ್ಕೆ ಹೊರಟದ್ದೋ, ಐದು ಗಂಟೆ ಕಾಲ ಹಾರಿದ್ದೋ? ಉತ್ತರ ಕರ್ನಾಟಕದವರಿಗೆ ಈ ಗೊಂದಲವೇ ಇಲ್ಲ. ಗಡಿಯಾರ ತೋರಿಸುವುದು ಗಂಟೆ, ಕಳೆದ ಹೊತ್ತು ತಾಸು. ‘ಐದು ಗಂಟೆಗೆ ಬಂದು ಎರಡು ತಾಸು ಕುಳಿತಿದ್ದರು’ ಎಂದರೆ ಮುಗಿಯಿತು. ಲಾಗ್‌ಬುಕ್ಕಿಗೆ ಬೇಕಾಗಿರುವುದು ಈ ಎರಡೂ: ಹೊರಟ ಗಂಟೆ, ಹಾರಿದ ತಾಸು. ಇನ್ನೊಂದು ಅನುಕೂಲವೂ ಇದೆ. ಲಾಗ್‌ಬುಕ್ಕುಗಳಲ್ಲಿ ಅವಧಿಯನ್ನು ಸಾಮಾನ್ಯವಾಗಿ ದಶಮಾಂಶದಲ್ಲಿ ಬರೆಯುತ್ತಾರೆ, 0.1 ಎಂದರೆ 6 ನಿಮಿಷ. ಹಾಗಾಗಿ 1.3 ಎಂಬುದು ಒಂದು ತಾಸು 18 ನಿಮಿಷ. ‘1.3 ಗಂಟೆ’ ಎಂದು ಬರೆದರೆ ಹೊಸಬರು ಗಡಿಯಾರದ ಅಭ್ಯಾಸದಲ್ಲಿ ಅದನ್ನು ಒಂದೂವರೆ ಎಂದು ಓದಿಬಿಡುತ್ತಾರೆ. ದಕ್ಷಿಣದ ಓದುಗರಿಗೆ ತಾಸು ಅಪರಿಚಿತವೇನಲ್ಲ, ಬಳಕೆ ಕಡಿಮೆ ಅಷ್ಟೆ. ಕೈಪಿಡಿಯಲ್ಲಿ ಅದನ್ನೇ ಹಿಡಿಯಬೇಕೆಂಬುದು ನನ್ನ ಒಲವು.

ಹೆಚ್ಚು ಕಾಡುತ್ತಿರುವುದು ‘ವರ್ಗಾವಣೆ’. ಮೇಷ್ಟರಿಗೆ ವರ್ಗವಾಯಿತು ಎಂದರೆ ಅವರು ಹಳೆಯ ಊರಿನಲ್ಲಿಲ್ಲ, ಹೊಸ ಊರಿನಲ್ಲಿದ್ದಾರೆ. ಹಣ ವರ್ಗಾಯಿಸಿದರೆ ಒಂದು ಖಾತೆಯಲ್ಲಿ ಇಳಿದಷ್ಟು ಇನ್ನೊಂದರಲ್ಲಿ ಏರುತ್ತದೆ. ಆದರೆ ಹಾರಿದ ಹೊತ್ತು ಹಾಗೆ ಎದ್ದು ಹೋಗುವ ವಸ್ತುವೇ? ಒಂದೇ ಹೆಸರಿನಲ್ಲಿ ಕೇಳುವ ಈ ಕೆಲಸದೊಳಗೆ ಬೇರೆ ಬೇರೆ ಕೆಲಸಗಳಿವೆ ಎಂದೇ ನನಗೆ ತೋರುತ್ತದೆ.

ಮೊದಲನೆಯದಕ್ಕೆ ಎಕ್ಸ್-ಪ್ಲೇನ್ ಸಿಮ್ಯುಲೇಟರನ್ನು ನೋಡಿ. ಅದರ ಲಾಗ್‌ಬುಕ್ ಬರಿಯ ಪಠ್ಯ ಕಡತ, ಯಾವ ನೋಟ್‌ಪ್ಯಾಡಿನಲ್ಲಾದರೂ ತೆರೆಯುತ್ತದೆ. ಒಂದು ಹಾರಾಟಕ್ಕೆ ಒಂದು ಸಾಲು: ತಾರೀಖು, ಹೊರಟ ನಿಲ್ದಾಣದ ಸಂಕೇತ, ಇಳಿದ ನಿಲ್ದಾಣದ ಸಂಕೇತ, ಎಷ್ಟು ಸಲ ನೆಲ ಮುಟ್ಟಿತು, ಎಷ್ಟು ಹೊತ್ತು ಹಾರಿತು, ಕೊನೆಯಲ್ಲಿ ವಿಮಾನದ ನೋಂದಣಿ ಸಂಖ್ಯೆ ಮತ್ತು ಮಾದರಿಯ ಹೆಸರು. ಬೆಂಗಳೂರಿನಿಂದ ಮಂಗಳೂರಿಗೆ ಹೋದ ಸೆಸ್ನಾ 172 ಎಂಬ ಪುಟ್ಟ ವಿಮಾನದ ಸಾಲಿನಲ್ಲಿ ಬೇರೆ ವಿಮಾನದ ಹೆಸರು ಬೇಕಾದರೆ ಸಾಲಿನ ಕೊನೆಯ ಆ ಎರಡು ಅಂಶಗಳನ್ನು ತಿದ್ದಿ ಉಳಿಸಿದರಾಯಿತು. ಇಲ್ಲಿ ತಾರೀಖು ಅಲ್ಲೇ ಇದೆ, ತಾಸು ಅಲ್ಲೇ ಇದೆ. ಯಾರ ಹೆಸರಿನಲ್ಲಿದೆ ಎಂಬುದು ಮಾತ್ರ ಬದಲಾಯಿತು. ಇದಕ್ಕೆ ನಮ್ಮ ಕಂದಾಯ ಇಲಾಖೆಯ ಮಾತು ಸಿದ್ಧವಾಗಿಯೇ ಇದೆ: ಖಾತೆ ಬದಲಾವಣೆ. ಜಮೀನು ಇದ್ದಲ್ಲೇ ಇರುತ್ತದೆ, ಹೆಸರು ಬದಲಾಗುತ್ತದೆ. ಇದಕ್ಕಿಂತ ಒಪ್ಪುವ ಪದ ನನಗಂತೂ ಸಿಕ್ಕಿಲ್ಲ.

ಎರಡನೆಯದು ಯಂತ್ರದ ತಾಸು. ಸಿಮ್ಯುಲೇಟರಿಗೆಂದು ಎ2ಎ ಸಿಮ್ಯುಲೇಷನ್ಸ್ ಕಂಪನಿ ತಯಾರಿಸುವಂಥ ಕೆಲವು ವಿಮಾನಗಳು ಎಂಜಿನ್ನಿನ ಸವೆತವನ್ನು ಒಂದು ಹಾರಾಟದಿಂದ ಮುಂದಿನದಕ್ಕೆ ಉಳಿಸಿಕೊಳ್ಳುತ್ತವೆ. ಸಿಮ್ಯುಲೇಟರಿನ ಹೊಸ ಆವೃತ್ತಿಗೆ ಹೋದವರಿಗೆ ತಾವು ನೋಡಿಕೊಂಡು ಬಂದ ಹಳೆಯ ಎಂಜಿನ್ನೇ ಬೇಕು, ಸೊನ್ನೆಯಿಂದ ಶುರುವಾಗುವ ಹೊಸದಲ್ಲ. ಈ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಿಜವಾದ ವಿಮಾನಗಳಲ್ಲೂ ಪೈಲಟ್‌ಗೆ ಒಂದು ಲಾಗ್‌ಬುಕ್, ವಿಮಾನದ ಒಡಲಿಗೆ ಒಂದು, ಎಂಜಿನ್‌ಗೆ ಮತ್ತೊಂದು. ಸೆಸ್ನಾ 172ರ ಈಚಿನ ಮಾದರಿಗಳಲ್ಲಿರುವ ಲೈಕಮಿಂಗ್ ಐಓ-360 ಎಂಜಿನ್ನನ್ನು 2000 ತಾಸು ಓಡಿದ ಮೇಲೆ ಪೂರ್ತಿ ಬಿಚ್ಚಿ ದುರಸ್ತಿ ಮಾಡಬೇಕೆಂದು ತಯಾರಕರೇ ಹೇಳುತ್ತಾರೆ. ಆ ಎಂಜಿನ್ನನ್ನು ಬೇರೊಂದು ವಿಮಾನಕ್ಕೆ ಕೂರಿಸಿದರೆ ಅದರ ಲೆಕ್ಕವೂ ಜೊತೆಗೆ ಹೋಗುತ್ತದೆ. ಹಳೆಯ ಒಡಲಿನ ಲೆಕ್ಕ ಒಡಲಿನಲ್ಲೇ ಉಳಿಯುತ್ತದೆ. ಇಲ್ಲಿ ‘ವರ್ಗ’ ಎನ್ನಬಹುದು, ಆದರೆ ವರ್ಗವಾದದ್ದು ಎಂಜಿನ್.

ಯಂತ್ರದ ವಿಷಯಕ್ಕೆ ‘ಹಾರಾಟದ ಅನುಭವ’ ಎಂದು ಪತ್ರಿಕೆಗಳಲ್ಲಿ ಬರುವ ಮಾತು ಹೊಂದುವುದಿಲ್ಲ. ಅನುಭವ ಪೈಲಟ್‌ನದು, ಎಂಜಿನ್‌ನದು ಸವೆತ. ಟ್ರ್ಯಾಕ್ಟರ್ ಕೊಳ್ಳುವವರು ‘ಎಷ್ಟು ಗಂಟೆ ಓಡಿದೆ?’ ಎಂದು ಮೀಟರ್ ನೋಡುತ್ತಾರಲ್ಲ, ಆ ‘ಓಡಿದ’ ಎಂಬುದೇ ಸರಿ. ಹಾಗಾಗಿ ಪೈಲಟ್‌ಗೆ ‘ಹಾರಿದ ತಾಸು’, ಎಂಜಿನ್‌ಗೆ ‘ಓಡಿದ ತಾಸು’. ಹೊಸ ಆವೃತ್ತಿಗೆ ತರುವ ಅಂಕಿಗೆ ‘ಹಿಂದಿನಿಂದ ತಂದ ತಾಸು’ ಎಂದಿಟ್ಟಿದ್ದೇನೆ; ಲೆಕ್ಕದ ಪುಸ್ತಕದಲ್ಲಿ ಪುಟ ಮಗುಚಿದಾಗ ಮೇಲ್ಗಡೆ ಬರೆಯುವ ರೀತಿ ಅದು.

ಮೂರನೆಯದು ಎಣಿಕೆಯ ಮಾತು, ಚಿಕ್ಕದು. ನಮ್ಮಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ ಒಟ್ಟು 200 ತಾಸು ಹಾರಿರಬೇಕು. (ಮನೆಯ ಕಂಪ್ಯೂಟರಿನಲ್ಲಿ ಕೂಡಿಸಿದ್ದು ಅದಕ್ಕೆ ಸೇರುವುದಿಲ್ಲ.) ಒಂಟಿ ಎಂಜಿನ್ ವಿಮಾನದಲ್ಲಿ ಹಾರಿದ್ದು ಒಟ್ಟು ಲೆಕ್ಕಕ್ಕೆ ಬರುತ್ತದೆ, ಜೋಡಿ ಎಂಜಿನ್ನಿನ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ‘ಲೆಕ್ಕಕ್ಕೆ ಹಿಡಿಯುವುದು’ ಸಾಕು.

ಈಗ ನನ್ನ ಪ್ರಶ್ನೆಗಳು. ಒಂದು ವಿಮಾನದ ಮೊತ್ತದಲ್ಲಿ ಹತ್ತು ತಾಸು ಕಡಿಮೆ ಮಾಡಿ ಇನ್ನೊಂದಕ್ಕೆ ಕೂಡಿಸುವುದನ್ನು ‘ಇಲ್ಲಿ ವಜಾ, ಅಲ್ಲಿ ಜಮೆ’ ಎನ್ನಬಹುದೇ? ‘ವಜಾ’ ಎಂದೊಡನೆ ಕೆಲಸದಿಂದ ತೆಗೆದುಹಾಕಿದ ಅರ್ಥವೇ ಇಂದಿನ ಓದುಗರಿಗೆ ಮೊದಲು ಹೊಳೆಯುತ್ತದೆಯೇ? ಹಳೆಯ ಲೆಕ್ಕಪತ್ರ ನೋಡಿದವರು ಹೇಳಬೇಕು. ಲಾಗ್‌ಬುಕ್ಕಿಗೆ ‘ಕಿರ್ದಿ’ ಎಂದು ಕರೆಯಲು ನನಗೆ ತುಂಬ ಮನಸ್ಸಿದೆ, ದಿನದಿನದ ವಿವರ ಸಾಲಾಗಿ ಬರೆಯುವ ಪುಸ್ತಕ ಅದೇ ತಾನೆ. ಆದರೆ ಹಣದ ಲೆಕ್ಕ ಬಿಟ್ಟು ಬೇರೆ ದಾಖಲೆಗೆ ಕಿರ್ದಿ ಎನ್ನುವ ಬಳಕೆ ನಿಮ್ಮ ಕಡೆ ಇದೆಯೇ? ಇದ್ದರೆ ಒಂದೆರಡು ವಾಕ್ಯ ಸಮೇತ ದಯವಿಟ್ಟು ತಿಳಿಸಿ. ಮೈಸೂರು, ಕರಾವಳಿ ಕಡೆಯವರು ‘ಹಾರಿದ ತಾಸು’ ಓದುವಾಗ ತಡವರಿಸುತ್ತಾರೋ ಇಲ್ಲವೋ ಎಂಬುದನ್ನೂ ಬರೆಯಿರಿ.