ಸಹಾಯ ಬೇಕು: ಇಂಡಿಯಾನಾದ ಕೊಲಂಬಸ್‌ನಲ್ಲಿ ದಿನನಿತ್ಯದ ಬದುಕು ಹೇಗಿದೆ?

ಎಲ್ಲರಿಗೂ ನಮಸ್ಕಾರ. ನನ್ನ ಪತಿಗೆ ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ಗೆ ಎರಡು ವರ್ಷಗಳ ಮಟ್ಟಿಗೆ ವರ್ಗವಾಗಿದ್ದು, ಆರು ವರ್ಷದ ಮಗಳೊಂದಿಗೆ ನಾವು ಜನವರಿಯಲ್ಲಿ ಹೊರಡಲಿದ್ದೇವೆ. (ಒಹಾಯೋದ ಕೊಲಂಬಸ್ ಅಲ್ಲ, ನೆಂಟರೆಲ್ಲ ಅದೇ ಎಂದುಕೊಂಡಿದ್ದಾರೆ.)

2010ರಲ್ಲಿ 44,061 ಇದ್ದ ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ 50,474ಕ್ಕೆ ಏರಿದೆ. 1919ರಲ್ಲಿ ಅಲ್ಲಿಯೇ ಹುಟ್ಟಿದ ಡೀಸೆಲ್ ಎಂಜಿನ್ ಕಂಪನಿ ಕಮಿನ್ಸ್‌ನ ಕೇಂದ್ರ ಕಚೇರಿ ಇಂದಿಗೂ ಅಲ್ಲೇ ಇರುವುದರಿಂದ, ಇಷ್ಟು ಚಿಕ್ಕ ಊರಿನಲ್ಲೂ ಭಾರತೀಯ ಎಂಜಿನಿಯರುಗಳ ಕುಟುಂಬಗಳು ಸಾಕಷ್ಟಿವೆ ಎಂದು ಕೇಳಿದ್ದೇನೆ. ಎಲಿಯೆಲ್ ಸಾರಿನೆನ್ ವಿನ್ಯಾಸಗೊಳಿಸಿದ, 1942ರ ಚರ್ಚನ್ನು ನೋಡುವ ಆಸೆಯೂ ಇದೆ. ಆದರೆ ಸದ್ಯದ ಚಿಂತೆ ಹಾಲು-ಮೊಸರಿನದು.

ನನಗೆ ಕಾರು ಓಡಿಸಲು ಬರುವುದಿಲ್ಲ. ಪತಿ ಬೆಳಿಗ್ಗೆ ಕಾರು ತೆಗೆದುಕೊಂಡು ಹೋದ ಮೇಲೆ, ಮಂಜು ಬಿದ್ದ ದಿನ ಮಗಳನ್ನು ಶಾಲೆಯಿಂದ ಕರೆತರಲು ನಡೆದು ಹೋಗುವಂತಹ ಪಾದಚಾರಿ ಮಾರ್ಗಗಳಿರುವ ಬಡಾವಣೆ ಯಾವುದು? ತೊಗರಿಬೇಳೆ, ಸೋನಾಮಸೂರಿಗೆ ಪ್ರತಿಸಲ ಸುಮಾರು 70 ಕಿಲೋಮೀಟರ್ ದೂರದ ಇಂಡಿಯಾನಾಪೊಲಿಸ್‌ಗೇ ಹೋಗಬೇಕೇ? ಕಾರ್ಖಾನೆಯ ಪಾಳಿಯಲ್ಲಿ ದುಡಿಯುವವರಿಗೂ ಕಚೇರಿಯವರಿಗೂ ದಿನಚರಿ ಎಷ್ಟು ಬೇರೆಯಾಗಿರುತ್ತದೆ? ಅಲ್ಲಿ ವಾಸವಿದ್ದ ಕನ್ನಡಿಗರು ಯಾರಾದರೂ ತಮ್ಮ ಅನುಭವವನ್ನು ವಿವರವಾಗಿ ತಿಳಿಸಿದರೆ, ಮನೆಯ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನಮಗೆ ಬಹಳ ಉಪಕಾರವಾಗುತ್ತದೆ.