ಆಯಿ ಹೇಳೂ ವಜಾಬಾಕಿ ಬ್ಯಾರೆ, ಸಾಲ್ಯಾಗಿಂದು ಬ್ಯಾರೆ: ಹೆಂಗ ಹೊಂದಸಬೇಕ್ರಿ?

ನವನಗರದ ಸೊಸಿ, ಬಾಗಲಕೋಟ

ನಮಸ್ಕಾರ್ರಿ ಎಲ್ಲಾರಿಗೂ. ಮಗಳು ಮೂರನೇ ಕ್ಲಾಸು, ಮಗ ಒಂದನೇ ಕ್ಲಾಸು, ಇಬ್ಬರೂ ಸರ್ಕಾರಿ ಕನ್ನಡ ಸಾಲಿಗೆ ಹೋಗ್ತಾರ. ಸಂಜೀಮುಂದ ನಾ ಕೆಲಸದಿಂದ ಬರೂದ್ರಾಗ ನಮ್ಮ ಅತ್ತಿಯವರು, ಅಂದ್ರ ಹುಡುಗರ ಆಯಿ (ಅಜ್ಜಿ), ಇಬ್ಬರನ್ನೂ ಕುಂದ್ರಿಸಿ ಅಭ್ಯಾಸ ಮಾಡಿಸಿರ್ತಾರ. ಮುಲ್ಕಿ (ಹಿಂದಿನ ಕಾಲದ ಏಳನೇ ಕ್ಲಾಸಿನ ಪರೀಕ್ಷೆ) ಕಲತವರು, ಮೂವತ್ತರ ತನಕ ಮಗ್ಗಿ ಬಾಯಿಪಾಠ. ಅವರು ಮಾಡೂದು ದೊಡ್ಡ ಉಪಕಾರ, ಅದರಾಗ ಎರಡು ಮಾತಿಲ್ಲ. ಆದ್ರ ದಿನಾ ಒಂದಿಲ್ಲೊಂದು ಸಣ್ಣ ತೊಡಕು.

ವಜಾಬಾಕಿ (ಕಳಿಯೂ ಲೆಕ್ಕ) ಅವರು ಹೇಳೂ ನಮೂನಿನ ಬ್ಯಾರೆ. ಮೊದಲು ಹುಡುಗಿಗೆ ಸರಿ ಬರತಿತ್ತು, ಈಗ ಹತ್ತರಾಗ ನಾಕು ತಪ್ಪು. ಉಕ್ತಲೇಖನ ಹೇಳುವಾಗ "ಮನಿ", "ಎಲಿ" ಅಂತಾರ, ಆಕಿನೂ ಹಂಗ ಬರೀತಾಳ. ಸಣ್ಣಾವಗ ಸಾಲ್ಯಾಗ ರ ಗ ಸ ದ ಅ ಅಂತ ಸುರು ಮಾಡ್ಯಾರ, ಇವರು ಅದನ್ನ ಒಪ್ಪದ ಅ ಆ ಇ ಈ ತಿದ್ದಸ್ತಾರ. ತಪ್ಪಾದಲ್ಲೆ ರಬ್ಬರ್ ಹಚ್ಚಿ ಅಳಿಸಿ ತಾವ ಬರದುಬಿಡ್ತಾರ. ಯಾವುದನ್ನ ಹಂಗ ಬಿಡಬಹುದು, ಯಾವುದನ್ನ ತಿದ್ದಲೇಬೇಕು, ಅವರ ಮನಸ್ಸಿಗೆ ನೋವಾಗದಂಗ ಹೆಂಗ ಹೇಳಬೇಕು? ತಿಳಿದವರು ಹೇಳ್ರಿ.

ಗಣಿತದ ಅಕ್ಕೋರು, ಇಂಡಿ

ವಜಾಬಾಕಿ ಮೊದಲು ತಗೋತೀನ್ರಿ. ನಿಮ್ಮ ಅತ್ತಿಯವರ ಪದ್ಧತಿ ತಪ್ಪಲ್ಲ, ಹಿರೇರು ಭಾಳ ಮಂದಿ ಮಾಡೂದು ಹಂಗ. ತಪ್ಪು ಹುಟ್ಟೂದು ಎರಡು ಪದ್ಧತಿ ಒಂದ ಲೆಕ್ಕದಾಗ ಕಲಸಿದಾಗ.

52ರಾಗ 27 ಕಳೀರಿ. ಸಾಲಿ ಪದ್ಧತಿ: 2ರಾಗ 7 ಹೋಗಂಗಿಲ್ಲ, 5ಕ್ಕ ಗೀಟು ಹೊಡದು 4 ಮಾಡಿ, ಆ ಬಿಚ್ಚಿದ ಹತ್ತು 2ಕ್ಕ ಸೇರಿಸಿದ್ರ 12. 12ರಾಗ 7 ಹೋದ್ರ 5, 4ರಾಗ 2 ಹೋದ್ರ 2. ಉತ್ತರ 25. ಆಯಿ ಪದ್ಧತಿ: 12ರಾಗ 7 ಹೋದ್ರ 5, ಕೈಯಾಗ ಒಂದು; ಆ ಒಂದು ಕೆಳಗಿನ 2ಕ್ಕ ಕೂಡಿಸಿದ್ರ 3; 5ರಾಗ 3 ಹೋದ್ರ 2. ಅಲ್ಲೂ 25. ಎರಡನೇದು ಹೆಂಗ ಸರಿ ಬರ್ತದ ಅಂದ್ರ, ಮ್ಯಾಲಿನ ಸಂಖ್ಯೆಗೂ ಹತ್ತು ಕೂಡಿಸಿದ್ರು, ಕೆಳಗಿನದಕ್ಕೂ ಹತ್ತು ಕೂಡಿಸಿದ್ರು. 62ರಾಗ 37 ಕಳದಂಗಾತು. ನಡುವಿನ ಅಂತರ ಬದಲಾಗಲಿಲ್ಲ.

ಹುಡುಗಿ ಏನ ಮಾಡ್ತಿರ್ತಾಳ ಅಂದ್ರ, ಅಕ್ಕೋರು ಹೇಳ್ಯಾರಂತ ಮ್ಯಾಲೆ 5ನ್ನ 4 ಮಾಡ್ತಾಳ, ಆಯಿ ಹೇಳ್ಯಾಳಂತ ಕೆಳಗ 2ನ್ನ 3 ಮಾಡ್ತಾಳ. 4ರಾಗ 3 ಹೋದ್ರ 1. ಉತ್ತರ 15. ಹಳೇ ನೋಟಬುಕ್ ತಗದು ನೋಡ್ರಿ, ತಪ್ಪು ಉತ್ತರ ಸರಿ ಉತ್ತರಕ್ಕಿಂತ ಬರೋಬ್ಬರಿ ಹತ್ತು ಕಡಿಮಿ ಇದ್ರ ಕಲಬೆರಕಿನ ಆಗ್ಯದ. ಮೂರಂಕಿ ಲೆಕ್ಕದಾಗ 10, 100 ಇಲ್ಲಾ 110 ಕಡಿಮಿ ಬರ್ತದ. ಬ್ಯಾರೆ ಏನಾರ ಅಂತರ ಇದ್ರ ಮಗ್ಗಲಕ ಬರದ ಅಂಕಿ ಜಾರಿರಬೇಕು, ಇಲ್ಲಾ ದೊಡ್ಡದರಾಗ ಸಣ್ಣದು ಕಳೀಬೇಕಂತ ತಲಿಕೆಳಗ ಮಾಡಿ 7ರಾಗ 2 ಕಳದಿರಬೇಕು. ಆಗ 35 ಬರ್ತದ. ಅದು ಆಯಿಯಿಂದ ಬಂದ ತಪ್ಪಲ್ಲ.

ಸರಿಪಡಿಸೂದಕ್ಕ ಬಾರಿಗಿ ಕಡ್ಡಿ ಅರವತ್ತು ಮುರೀರಿ, ಬೆರಳುದ್ದ ಸಾಕು. ಹತ್ತತ್ತರ ಐದು ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕ್ರಿ, ಎರಡು ಬಿಡಿ ಇಡ್ರಿ. ಅದು 52. ಏಳು ಬಿಡಿ ಕೊಡು ಅಂದ್ರ ಎರಡ ಅವ, ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದ ಮ್ಯಾಲೆ ಉಳಿದ ಕಟ್ಟು ನಾಕು ಅಂತ ಕಣ್ಣಿಗೆ ಕಾಣ್ತದ. ಕಟ್ಟು ಬಿಚ್ಚಿದಾಗೆಲ್ಲಾ ನೋಟಬುಕ್ಕಿನಾಗ ಗೀಟು ಹೊಡೀಬೇಕು, ಕೈ ಮತ್ತು ಪೆನ್ಸಿಲ್ ಕೂಡೆ ನಡೀಬೇಕು. ಎಂಟತ್ತು ಲೆಕ್ಕ ಆದಮ್ಯಾಲೆ ಕಡ್ಡಿ ತಗೀರಿ. ಭಾಳ ದಿನ ಇಟ್ರ ಹುಡುಗರು ಕಡ್ಡಿ ಎಣಿಸೂದ ರೂಢಿ ಮಾಡ್ಕೋತಾರ.

ಆಯಿಗೆ ಕೊಡಬೇಕಾದ ಕೆಲಸ ತಾಳೆ ನೋಡೂದು. ಉತ್ತರ ಬಂದಮ್ಯಾಲೆ 25ಕ್ಕ 27 ಕೂಡಿಸಿ 52 ಬರ್ತದಿಲ್ಲೋ ಅಂತ ಬಾಯಿಲೆ ಕೇಳೂದು. ಬರಲಿಲ್ಲಂದ್ರ "ಇನ್ನೊಮ್ಮೆ ನೋಡವ್ವಾ" ಅನ್ನೂದು, ಅಷ್ಟ. ಕೂಡಿಸೂದ್ರಾಗ ಎರಡು ಪದ್ಧತಿ ಇಲ್ಲ, ಜಗಳ ಬರಂಗಿಲ್ಲ.

ಒಂದು ಮಾತು ಆಯಿ ಪರವಾಗಿ ಹೇಳಲೇಬೇಕು. 503ರಾಗ 168 ಕಳಿಯುವಾಗ ನಡುವಿನ ಸೊನ್ನಿಗೆ ಸಾಲಿ ಪದ್ಧತ್ಯಾಗ ಹುಡುಗರು ಭಾಳ ತಡವರಸ್ತಾರ: ನೂರು ಬಿಚ್ಚಿ ಹತ್ತು ಹತ್ತು, ಅದರಾಗ ಒಂದು ಹತ್ತು ಬಿಚ್ಚಿ 9 ಉಳೀತು, ಆಮ್ಯಾಲೆ 13. ಆಯಿ ಪದ್ಧತ್ಯಾಗ ಆ ತೊಡಕಿಲ್ಲ, 335 ಸರಳ ಬರ್ತದ. ಹುಡುಗಿಗೆ ಸಾಲಿ ಪದ್ಧತಿ ಗಟ್ಟಿಯಾದ ಮ್ಯಾಲೆ, ಐದನೇ ಕ್ಲಾಸಿನ ಹೊತ್ತಿಗೆ, ಆಯಿ ಹತ್ರ ಅದನ್ನೂ ಕಲೀಲಿ. ಕಳಕೋಬಾರದ ವಿದ್ಯೆ ಅದು.

ಕನ್ನಡದಾಂವ, ಜಮಖಂಡಿ

ಉಕ್ತಲೇಖನದ ತೊಡಕು ನಮ್ಮ ಭಾಗದ ಮನಿಮನ್ಯಾಗೂ ಐತ್ರಿ. ಬರಿಯೂಮುಂದ "ಎ" ಇಂದ ಮುಗಿಯೂ ಶಬ್ದ ನಮ್ಮ ಬಾಯಾಗ "ಇ" ಆಗತೈತಿ: ಮನೆ ಮನಿ, ಮಳೆ ಮಳಿ, ಕೆರೆ ಕೆರಿ, ತಲೆ ತಲಿ, ಕುದುರೆ ಕುದರಿ. ಆದ್ರ ಇಲಿ, ಹುಲಿ, ಗಿಳಿ, ಕುರಿ, ನರಿ ಇವು ಪುಸ್ತಕದಾಗೂ "ಇ"ನ. ಕೂಸಿನ ಕಿವಿಗೆ ಎರಡೂ ಗುಂಪು ಒಂದ ಸಪ್ಪಳ. ಕೇಳಿ ಬರಿಯಾಕ ಸಾಧ್ಯ ಇಲ್ಲ, ಕಣ್ಣಿಲೆ ನೋಡಿ ನೆನಪಿಡಬೇಕು.

ಅದಕ್ಕ ಒಂದು ಹಾಳ್ಯಾಗ ಎರಡು ಸಾಲು ಹಾಕ್ರಿ. ಎಡಕ್ಕ ಮನೆ, ಮಳೆ, ಎಲೆ, ಬಾಳೆ, ಕೆರೆ. ಬಲಕ್ಕ ಇಲಿ, ಹುಲಿ, ಗಿಳಿ, ಕುರಿ. ವಾರಕ್ಕ ಐದೈದು ಶಬ್ದ ಸೇರಿಸ್ರಿ. ಎಡಗಡೆ ಸಾಲಷ್ಟ ಕಲಿಸಿ ಬಿಟ್ರ ಹುಡುಗರು ಎಲ್ಲಾದಕ್ಕೂ ಏತ್ವ ಹಚ್ಚಿ "ಹುಲೆ", "ಇಲೆ" ಅಂತ ಬರೀತಾರ. ಆಮ್ಯಾಲೆ ಅದನ್ನ ಬಿಡಸೂದು ಇನ್ನೂ ಕಠಿಣ.

ಆಯಿ ಉಕ್ತಲೇಖನ ಹೇಳೂದು ನಿಲ್ಲಸಬ್ಯಾಡ್ರಿ. ಪುಸ್ತಕ ಕೈಯಾಗ ಹಿಡದು, ಶಬ್ದದ ಮ್ಯಾಲೆ ಬೆರಳಿಟ್ಟು ಅಕ್ಷರ ಅಕ್ಷರ ಬಿಡಿಸಿ ಓದಲಿ: ಮ, ನೆ. ನೆನಪಿಲೆ ಹೇಳಿದ್ರ ಮನಿಮಾತು ಬರತೈತಿ, ನೋಡಿ ಓದಿದ್ರ ಪುಸ್ತಕದ ಮಾತು ಬರತೈತಿ. ಚಾಳೀಸು ಕಣ್ಣಿಗಿದ್ರ ಪುಸ್ತಕದ ಅಕ್ಷರ ಆಯಿಗೆ ಕಾಣತಾವಿಲ್ಲೋ ಅಂತನೂ ನೋಡ್ರಿ. ಕಾಣದ್ದಕ್ಕ ನೆನಪಿಲೆ ಹೇಳೂ ಹಿರೇರು ಭಾಳ ಮಂದಿ ಅದಾರ.

ಕೂಸಿನ ಮುಂದ "ಆಯಿ ಹೇಳೂದು ತಪ್ಪು ಕನ್ನಡ" ಅಂತ ಮಾತ್ರ ಯಾರೂ ಅನಬಾರದು. ಮನಿ ಅನ್ನೂದು ಮಾತು, ಮನೆ ಅನ್ನೂದು ಬರಹ. ಎರಡೂ ನಮ್ಮವ.

ನಲಿಕಲಿ, ಸವದತ್ತಿ

ಸಣ್ಣಾವನ ಅಕ್ಷರದ ವಿಚಾರ. ನಲಿಕಲಿ ಅಂದ್ರ ಸರ್ಕಾರಿ ಸಾಲ್ಯಾಗ ನಲಿಯುತ್ತ ಕಲಿಸೂ ಪದ್ಧತಿ, 1995ರಾಗ ಹೆಗ್ಗಡದೇವನಕೋಟೆಯಲ್ಲಿ ಸುರುವಾದದ್ದು, ಒಂದರಿಂದ ಮೂರನೇ ಕ್ಲಾಸಿಗೆ. ಅದರಾಗ ಮೊದಲ ಗುಂಪು ರ ಗ ಸ ದ ಅ. ಈ ಐದ ಅಕ್ಷರ ಬಂದ್ರ ಸರ, ರಸ, ಅರಸ, ಅಗಸ, ಗರಗಸ ಅಂತ ಶಬ್ದ ಓದಬಹುದು. ಮುಂದಿನ ಗುಂಪು ಜ ವ ಮ ಬ ನ ಬಂತಂದ್ರ ಮರ, ಜನ, ನಗರ, ಅವಸರ. ಕೂಸು ಮೊದಲನೇ ತಿಂಗಳನ ಓದಾಕ ಹತ್ತತೈತಿ. ಅ ಆ ಇ ಈ ಉ ಊ ಋ ಅಂತ ಹ್ವಾದ್ರ ತಿದ್ದಾಕ ಕಠಿಣ ಇರೂ ಋ ಏಳನೇದಕ್ಕ ಬರತೈತಿ, ಶಬ್ದ ಒಂದೂ ಕೂಡಂಗಿಲ್ಲ.

ಆಯಿಗೆ ಅಷ್ಟೂ ಶಬ್ದ ಒಂದು ಹಾಳ್ಯಾಗ ಬರದು ತೋರಿಸ್ರಿ. ಮಾತಿಗಿಂತ ಅದು ಲಗೂನ ಒಪ್ಪಸತೈತಿ. ಬರಿಯೂದು ಸಾಲಿ ಕ್ರಮದಾಗ ಇರಲಿ, ಹಾಡಿನಂಗ ಬಾಯಿಲೆ ಹೇಳೂದು ಆಯಿ ಕ್ರಮದಾಗ ಇರಲಿ. ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49 ಅಂತ ಮುಂದ ಹೇಳಬೇಕಾಗತೈತಿ, ಶಬ್ದಕೋಶ ನೋಡಾಕೂ ಆ ಕ್ರಮನ ಬೇಕು. ಕ್ಷ, ಜ್ಞ ಆಯಿ ಸೇರಿಸಿ ಹೇಳಿದ್ರ ಹೇಳಲಿ, ಎಣಿಸುವಾಗ ಅವು ಒತ್ತಕ್ಷರ ಅಂತ ಬಿಡ್ರಿ. ಕಾಗುಣಿತ ಸುರುವಾದಾಗ ಆಯಿಯ "ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ" ಅನ್ನೂದಕ್ಕಿಂತ ಚಲೋ ಸಾಧನ ಇಲ್ಲ. ಬಾಯಿ ಹೇಳಿದ್ದನ್ನ ಕೈ ತಿದ್ದತೈತಿ.

ಗೋಕಾಕದಾಕಿ

ಗಡಿಯಾರದ ಪಾಠ ಬಂದಾಗ ಇನ್ನೊಂದು ನೋಡ್ಕೋರಿ. ಹಿರೇರು "ಪೌಣೆ ಎಂಟು" ಅಂದ್ರ 7:45. ಎಂಟು ಕಿವಿಗೆ ಬಿದ್ದದ್ದಕ್ಕ ಹುಡುಗರು 8:45 ಬರೀತಾರ. ಪುಸ್ತಕದಾಗ ಏಳೂ ಮುಕ್ಕಾಲು. ಸವಾ ಒಂಬತ್ತು 9:15, ಸಾಡೇ ಒಂಬತ್ತು 9:30. ತೂಕಕ್ಕ ಪಾವ ಕಿಲೋ 250 ಗ್ರಾಂ, ದೀಡ ಕಿಲೋ 1500, ಅಡೀಚ ಕಿಲೋ 2500. ನಾಲ್ಕಾಣೆ ಅಂದ್ರ 25 ಪೈಸೆ, 4 ಅಲ್ಲ. ಇವನ್ನೆಲ್ಲ ಒಂದು ರಟ್ಟಿನ ಮ್ಯಾಲೆ ಬರದು ಗಡಿಯಾರದ ಕೆಳಗ ಹಚ್ಚಿದ್ರ ಸಾಕು.

ನವನಗರದ ಸೊಸಿ, ಬಾಗಲಕೋಟ

ಭಾಳ ಉಪಕಾರ ಆತ್ರಿ. ನೋಟಬುಕ್ ತಗದು ನೋಡಿದೆ, ನಾಕು ತಪ್ಪಿನಾಗ ಮೂರು ಬರೋಬ್ಬರಿ ಹತ್ತು ಕಡಿಮಿ. ರಬ್ಬರ್ ವಿಚಾರ ಮತ್ತ ಅವರಿಗೆ ಹೆಂಗ ಹೇಳೂದು ಅನ್ನೂದು ಉಳೀತು.

ಗಣಿತದ ಅಕ್ಕೋರು, ಇಂಡಿ

ಉಳಿದ ಆ ಒಂದು ಲೆಕ್ಕ 35ರ ನಮೂನಿ ಆಗಿರಬಹುದು, ಅದಕ್ಕೂ ಕಡ್ಡಿ ಕಟ್ಟ ಔಷಧ.

ರಬ್ಬರ್ ಇದರಾಗ ಎಲ್ಲಾದಕ್ಕಿಂತ ಹೆಚ್ಚು ನುಕಸಾನ ಮಾಡ್ತದ. ಕೂಸು ಎಲ್ಲಿ ಎಡವಿತು ಅಂತ ಅಕ್ಕೋರಿಗೆ ತಿಳಿಯೂದು ತಪ್ಪು ಕಂಡ್ರಷ್ಟ. ಅಳಿಸಿ ತಿದ್ದಿ ಕಳಿಸಿದ್ರ "ಬಂತು" ಅಂತ ಮುಂದಿನ ಮೆಟ್ಟಿಲಿಗೆ ಹತ್ತಸ್ತಾರ, ಅಲ್ಲಿ ಕೂಸು ಪೂರ್ತಿ ನಿಂತುಬಿಡ್ತದ. ಅಭ್ಯಾಸಕ್ಕ ಕುಂತಾಗ ರಬ್ಬರ್ ಚೀಲದಾಗ ಇರಲಿ. ತಪ್ಪಿದ್ದರ ಸುತ್ತ ಪೆನ್ಸಿಲಿಲೆ ಗುಂಡು ಹಾಕಿ, ಮಗ್ಗಲಕ ಕೂಸ ತಾನ ಮತ್ತ ಬರೀಲಿ. ಬರಿಯೂದು ಇಪ್ಪತ್ತು ನಿಮಿಷಕ್ಕ ಮುಗಿಸ್ರಿ. ತಾಸುಗಟ್ಟಲೆ ಕುಂತಾಗನ ಹಿರೇರಿಗೆ ಪಾಪ ಅನಿಸಿ ತಾವ ಬರೀತಾರ.

ಹೇಳೂದು ಕೂಸಿನ ಮುಂದ ಬ್ಯಾಡ, ಕೂಸಿನ ಕೈಲೂ ಹೇಳಸಬ್ಯಾಡ್ರಿ. ರಾತ್ರಿ ಊಟ ಆದಮ್ಯಾಲೆ "ಅತ್ತೀ, ಸಾಲ್ಯಾಗ ಈಗ ಹಿಂಗ ಬರಸ್ತಾರಂತ್ರಿ, ಎರಡೂ ಕೂಡಿ ಹುಡುಗಿಗೆ ಹತ್ತು ಕಡಿಮಿ ಬರಾಕ್ಹತ್ಯದ, ನೋಡ್ರಿ" ಅಂತ ಆ ಮೂರು ಲೆಕ್ಕ ಅವರ ಕೈಯಾಗ ಕೊಡ್ರಿ. ಮಗ್ಗಿ ಬಾಯಿಪಾಠ ಇದ್ದವರು ಹತ್ತರ ಅಂತರ ತಾವ ಹಿಡೀತಾರ. ಪಾಲಕರ ಸಭೆಗೂ ಅವರನ್ನ ಕರಕೊಂಡು ಹೋಗ್ರಿ, ಅಕ್ಕೋರು ಅವರಿಗೇ ಹೇಳಲಿ. ಆಮ್ಯಾಲೆ ಕೆಲಸ ಹಂಚ್ಕೋರಿ: ಮಗ್ಗಿ, ಕಾಗುಣಿತ, ತಾಳೆ, ಓದಿಸಿ ಕೇಳೂದು ಆಯಿದು, ಲೆಕ್ಕ ಬರಸೂದು ನಿಮ್ಮದು, ನೀವು ಬಂದ ಮ್ಯಾಲೆ. ಪರಿಸರ ಪಾಠದಾಗ ಮಳಿ, ಬೆಳಿ ಬಂದಾಗ ಮುಂಗಾರಿ ಯಾವುದು, ಹಿಂಗಾರಿ ಜ್ವಾಳ ಯಾವ ಮಳಿಗೆ ಬಿತ್ತಬೇಕು ಅನ್ನೂದನ್ನ ಪೂರ್ತಿ ಅವರಿಗೆ ಬಿಡ್ರಿ, ಪುಸ್ತಕ ಆಮ್ಯಾಲೆ ತಗೀರಿ.