ಸಹಾಯ ಬೇಕು: ಲಾಭ ಏರುತ್ತಿದೆ, ನಗದು ಮಾತ್ರ ಕಾಣುತ್ತಿಲ್ಲ

ಶಿರಸಿಯಲ್ಲಿ ಅಡಿಕೆ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು, ಎಲ್ಲರ ಬಾಯಲ್ಲೂ ಇರುವ ಸಣ್ಣ ಕಂಪನಿಯೊಂದರ ಷೇರಿಗೆ ಹಾಕೋಣವೆಂದು ಮನೆಯವರು ಒತ್ತಾಯಿಸುತ್ತಿದ್ದಾರೆ. ಬೆಲೆ ಏರಿದ ಮಾತ್ರಕ್ಕೆ ನಂಬಲಾಗದೆ ವಾರ್ಷಿಕ ವರದಿಯನ್ನೇ ಓದಿದೆ. ನಿವ್ವಳ ಲಾಭ ಪ್ರತಿ ವರ್ಷ ಹೆಚ್ಚಿದೆ, ಸಾಲ ಕಡಿಮೆ, ಪ್ರವರ್ತಕರು (ಕಂಪನಿ ಕಟ್ಟಿ ನಡೆಸುವ ಮುಖ್ಯ ಮಾಲೀಕರು) ತಮ್ಮ ಷೇರು ಅಡವಿಟ್ಟಿಲ್ಲ. ಆದರೆ ನಗದು ಹರಿವಿನ ಪಟ್ಟಿಯಲ್ಲಿ ವ್ಯವಹಾರದಿಂದ ಬಂದ ಹಣ ಸತತ 3 ವರ್ಷ ಋಣಾತ್ಮಕವಾಗಿದ್ದು (ಅಂದರೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು), ಗ್ರಾಹಕರಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆದಿದೆ. ಸರಕು ಕಳಿಸಿದೊಡನೆ ಲಾಭ ದಾಖಲಾಗುತ್ತದೆ, ಹಣ ಆಮೇಲೆ ಬರುತ್ತದೆ ಎಂಬುದು ಗೊತ್ತು. ಬೆಳೆಯುತ್ತಿರುವ ಒಳ್ಳೆಯ ಕಂಪನಿಯಲ್ಲೂ ಹೀಗಾಗಬಹುದು. ವರದಿಯ ಟಿಪ್ಪಣಿಯಲ್ಲಿ ಈ ಬಾಕಿಯನ್ನು 6 ತಿಂಗಳೊಳಗಿನದು, 1 ವರ್ಷದೊಳಗಿನದು, 3 ವರ್ಷ ಮೀರಿದ್ದು ಎಂದೆಲ್ಲ ವಿಂಗಡಿಸಿದ್ದಾರೆ. ನಾನು ಸಿಕ್ಕಿಕೊಂಡಿರುವುದು ಇಲ್ಲಿಯೇ. ಇದು ನಿಜವಾದ ಬೆಳವಣಿಗೆಯೋ, ಕಾಗದದ ಮೇಲಿನ ಲಾಭವೋ ಎಂದು ತಿಳಿಯಲು ಆ ವಿಂಗಡಣೆಯನ್ನು ಹೇಗೆ ಓದಬೇಕು, ಅದರ ಜೊತೆಗೆ ಇನ್ನಾವ ಅಂಕಿಯನ್ನು ಹೋಲಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.